ಗಾಳಿ ನಿಲ್ಲುವ ಜಾಗ

ನಮ್ಮೂರಿನಲ್ಲಿ ಹೊಸದಾಗಿ ಮನೆ ಕಟ್ಟುವವರು ಬಾಗಿಲಿಗೆ ತೋರಣ ಕಟ್ಟುವ ಮೊದಲು ಸೂರಿನ ಮೇಲೆ ಒಂದು ಬಿದಿರು ನೆಟ್ಟು ಮೊಳದುದ್ದದ ಬಿಳಿ ಬಟ್ಟೆ ಕಟ್ಟುತ್ತಾರೆ. ಬೆಳಿಗ್ಗೆ ಎದ್ದವರು ಮುಖ ತೊಳೆಯುವುದಕ್ಕೂ ಮುಂಚೆ ಅಂಗಳಕ್ಕೆ ಬಂದು ಕತ್ತೆತ್ತಿ ಅದನ್ನು ನೋಡುತ್ತಾರೆ. ಬಟ್ಟೆ ಹಾರುತ್ತಿದ್ದರೆ ಆಯಿತು, ಒಳಗೆ ಹೋಗಿ ಒಲೆ ಹಚ್ಚುತ್ತಾರೆ. ಊರಿನ ಸುತ್ತ ಬಳೆಯ ಹಾಗೆ ಗುಡ್ಡ. ಗುಡ್ಡದ ಬುಡದಲ್ಲಿ ಎಡದಿಂದ ಬಲಕ್ಕೆ ಊರನ್ನು ಸುತ್ತುತ್ತಲೇ ಇರುವ ಗಾಳಿ, ಒಳಗೆ ಬಂದರೆ ಬೀದಿಗೊಂದು ದಿಕ್ಕು ಹಿಡಿಯುತ್ತದೆ. ಬೇಸಗೆ ಚಳಿ ಅನ್ನದೆ ಬೀಸುವ ಈ ಗಾಳಿ ಊರಿನ ಒಂದೇ ಒಂದು ಕಡೆ ಮಾತ್ರ ಬೀಸುವುದಿಲ್ಲ. ಆ ಒಂದು ಕಡೆ ಇವತ್ತು ಬಡಗಿಯ ಮನೆಯಾಗಿರಬಹುದು, ಇನ್ನೊಂದು ಹದಿನೈದು ದಿನಕ್ಕೆ ಪೋಸ್ಟಾಫೀಸಿನ ಹಿಂದಿನ ಸಾಲಾಗಿರಬಹುದು. ಅಲ್ಲಿ ಬಟ್ಟೆ ಜೋತುಬೀಳುತ್ತದೆ.

ಬಟ್ಟೆ ಜೋತುಬಿದ್ದ ಮನೆಯಲ್ಲಿ ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಇರುತ್ತದೆ. ದೋಸೆ ಹಿಟ್ಟು ಉಬ್ಬುವುದಿಲ್ಲ. ಇವೆಲ್ಲ ಪರವಾಗಿಲ್ಲ, ಪಕ್ಕದ ಮನೆಯಿಂದ ಒಂದು ಲೋಟ ಮೊಸರು ತಂದರಾಯಿತು. ಆದರೆ ಅಲ್ಲಿದ್ದವರು ದಿನ ಕಳೆದಂತೆ ಮಾತು ಕಡಿಮೆ ಮಾಡುತ್ತಾರೆ, ಕೂತಲ್ಲಿಂದ ಏಳುವುದಕ್ಕೆ ಮನಸ್ಸು ಮಾಡುವುದಿಲ್ಲ, ಕೊನೆಗೊಂದು ದಿನ ಕೂತೇಬಿಡುತ್ತಾರೆ. ಕಣ್ಣು ತೆರೆದಿರುತ್ತದೆ, ಉಸಿರು ಆಡುತ್ತಿರುತ್ತದೆ, ಬಾಯಿಗಿಟ್ಟ ತುತ್ತು ಬಾಯಲ್ಲೇ ಇರುತ್ತದೆ. ಹಾಗೆ ಕೂತವರು ಒಂದೆರಡು ತಿಂಗಳಿಗಿಂತ ಹೆಚ್ಚು ಉಳಿದದ್ದನ್ನು ಯಾರೂ ಕಂಡಿಲ್ಲ. ಒಂಬತ್ತು ದಿನದೊಳಗೆ ಬೇರೆ ಕಡೆ ಕರೆದುಕೊಂಡು ಹೋದರೆ ಏನೂ ಆಗುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಹಾಗಾಗಿ ಬಟ್ಟೆ ಜೋತುಬಿದ್ದ ಮೂರನೆಯ ದಿನವೇ ನೆರೆಯವರು ಬಂದು ಬಾಗಿಲು ತಟ್ಟುತ್ತಿದ್ದರು. ಒಬ್ಬರು ಹಾಸಿಗೆ ಸುತ್ತಿಕೊಳ್ಳುತ್ತಿದ್ದರು, ಒಬ್ಬರು ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಎಷ್ಟು ದಿನ ಎಂದು ಯಾರೂ ಕೇಳುತ್ತಿರಲಿಲ್ಲ. ನಾಳೆ ತಮ್ಮ ಮನೆಯ ಬಟ್ಟೆ ಜೋತುಬಿದ್ದರೆ ಇವರ ಮನೆಗೇ ಹೋಗಬೇಕಲ್ಲ. ಹದಿನೈದು ವರ್ಷ ತುಂಬುವುದರೊಳಗೆ ನಾನು ಈ ಊರಿನ ಹನ್ನೊಂದು ಮನೆಗಳಲ್ಲಿ ಮಲಗಿ ಎದ್ದಿದ್ದೆ. ಆ ಹನ್ನೊಂದು ಮನೆಯ ಸಾರಿನ ರುಚಿ ನನಗೆ ಗೊತ್ತು.

ಅನ್ನ ಹಾಕುತ್ತಿದ್ದರು ನಿಜ, ಬಾಯಿ ಸುಮ್ಮನಿರಬೇಕಲ್ಲ. ಗಾಳಿ ಅಲ್ಲೇ ಯಾಕೆ ನಿಂತಿತು ಎಂದು ಯೋಚಿಸುತ್ತಿದ್ದರು. ಸೊಸೆಯನ್ನು ಹೊಡೆದಿರಬೇಕು, ಹರಕೆ ಮರೆತಿರಬೇಕು, ಹೊಲದ ಬದು ಒತ್ತಿರಬೇಕು. ಏನಾದರೊಂದು ಸಿಕ್ಕೇ ಸಿಗುತ್ತಿತ್ತು, ಹುಡುಕಿದರೆ ಯಾರ ಮನೆಯಲ್ಲಿ ತಾನೆ ಸಿಗುವುದಿಲ್ಲ? ನನ್ನ ಅಕ್ಕ ಗಿರಿಜಕ್ಕ ಗಂಡನ ಹೊಡೆತ ತಾಳಲಾರದೆ ನನ್ನ ಮನೆಗೆ ಬಂದು ಸೇರಿದ ವರ್ಷವೇ ನಮ್ಮ ಬಟ್ಟೆ ಜೋತುಬಿತ್ತು. ಮೂರನೆಯ ದಿನ ನೆರೆಯವರು ಬಂದರು. “ಮೇಷ್ಟ್ರೇ, ನೀವು ಬನ್ನಿ. ಅಕ್ಕನ್ನ ಮಾತ್ರ ನಮ್ಮನೆಗೆ ಬೇಡ. ಗಂಡನ್ನ ಬಿಟ್ ಬಂದೋರು, ಅದಕ್ಕೇ ಗಾಳಿ ನಿಂತಿರೋದು” ಅಂದರು. ಅಕ್ಕ ಒಳಗಿಂದ ಕೇಳಿಸಿಕೊಂಡಳು. ಶಾಲೆಯ ಕೋಣೆಗೆ ಹೋಗಿಬಿಡೋಣ ಬಾ ಎಂದು ನಾನು ಎಷ್ಟು ಗೋಗರೆದರೂ ಏಳಲಿಲ್ಲ. “ನಾನೇನು ತಪ್ಪು ಮಾಡಿದೀನಿ ಅಂತ ಏಳಲಿ? ಬಂದ ಗಾಳಿ ಹೋಗುತ್ತೆ. ನೀನು ಹೋಗಿ ಮಲಗು, ನಿಂಗೆ ಬೆಳಿಗ್ಗೆ ಪಾಠ ಇದೆ” ಅಂದಳು. ನಾನು ಶಾಲೆಯ ಕೋಣೆಯಲ್ಲಿ ಮಲಗಿದೆ, ಅವಳು ಹತ್ತನೆಯ ದಿನ ಕೂತಳು. ಹಿರಿಯರ ಒಂಬತ್ತು ಸರಿಯಾಗಿಯೇ ಇತ್ತು.

ನಾನು ಇಲ್ಲಿನ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಶಂಭುಲಿಂಗಯ್ಯ ಎಂಬ ಹೆಸರೊಂದಿದೆ, ಅದು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಅಕ್ಕ ಹೋದ ಮೇಲೆ ಎರಡು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಭಾನುವಾರ ಬೆಳಿಗ್ಗೆ ಕೋಲಿಗೆ ಬಟ್ಟೆ ಕಟ್ಟಿಕೊಂಡು ಗುಡ್ಡದ ಬುಡದಲ್ಲಿ ಊರು ಸುತ್ತುತ್ತಿದ್ದೆ. ತಲೆ ಕೆಟ್ಟಿದೆ ಅಂದರು, ಅನ್ನಲಿ. ಒಂದು ಸುತ್ತು ಮುಗಿಯುವ ಹೊತ್ತಿಗೆ ಬಟ್ಟೆಯ ತುದಿ ಎಲ್ಲ ದಿಕ್ಕುಗಳನ್ನೂ ನೋಡಿ ಹೊರಟ ದಿಕ್ಕಿಗೇ ಬಂದಿರುತ್ತಿತ್ತು. ಸರಿಯಾಗಿ ಒಂದು ಪೂರ್ತಿ ತಿರುಗು. ಮುಂದಿನ ಭಾನುವಾರ ಇನ್ನೂ ಸ್ವಲ್ಪ ಒಳಗೆ, ಸ್ವಲ್ಪ ಚಿಕ್ಕ ಸುತ್ತು. ಅಲ್ಲೂ ಬಟ್ಟೆ ಹಿಂದೆ ಮುಂದೆ ಆಡಿ, ಕೊನೆಗೆ ಒಂದೇ ತಿರುಗು. ಒಂದು ದಿನ ಹುಣಸೆಮರದ ಕೆಳಗೆ ನಿಂತು ನೀರು ಕುಡಿಯುತ್ತಿದ್ದಾಗ ತಟ್ಟನೆ ಹೊಳೆಯಿತು. ಈ ಸುತ್ತನ್ನು ಇಂಚಿಂಚೇ ಕಿರಿದು ಮಾಡುತ್ತ ಹೋದರೆ ಆ ಒಂದು ಏನಾಗಬೇಕು? ಮುಕ್ಕಾಲಾಗಿ, ಅರ್ಧವಾಗಿ, ಕಾಲಾಗಿ ಕರಗುವ ಹಾಗಿಲ್ಲ. ಹೊರಟ ದಿಕ್ಕಿಗೇ ಬಂದು ಸೇರುವ ಬಟ್ಟೆಗೆ ಅರ್ಧ ತಿರುಗು ಎಂಬುದಿಲ್ಲ. ಒಂದು ಒಂದಾಗಿಯೇ ಉಳಿಯಬೇಕು. ಆದರೆ ಸುತ್ತು ಕಿರಿದಾಗಿ ಕಿರಿದಾಗಿ ಒಂದು ಅಂಗಳದಷ್ಟಾದಾಗ, ಅಲ್ಲಿ ಗಾಳಿ ಬೀಸುತ್ತಿದ್ದರೆ ಅಂಗಳದಲ್ಲೆಲ್ಲ ಬಟ್ಟೆ ಒಂದೇ ಕಡೆ ನೋಡಬೇಕು, ತಿರುಗು ಸೊನ್ನೆಯಾಗಬೇಕು. ಒಂದು ಎಂದಿಗೂ ಸೊನ್ನೆಯಾಗಲಾರದು. ಆದ್ದರಿಂದ ಗಾಳಿ ಬೀಸದ ಜಾಗ ಊರೊಳಗೆ ಎಲ್ಲಾದರೂ ಒಂದು ಕಡೆ ಇರಲೇಬೇಕು. ಅದಕ್ಕೆ ಯಾರೂ ಪಾಪ ಮಾಡಬೇಕಾಗಿಲ್ಲ. ಊರಿನವರೆಲ್ಲ ದೇವರಂಥವರಾದರೂ ಅದು ಇರುತ್ತದೆ. ನಾನು ಆ ಮರದ ಕೆಳಗೆ ಕೂತು ಅಕ್ಕನ ಹೆಸರು ಹಿಡಿದು ಅತ್ತೆ.

ಇದನ್ನು ಊರಿಗೆ ಹೇಳಬೇಕಾಗಿತ್ತು. ಶಾಲೆಯ ಅಂಗಳದಲ್ಲಿ ಜನ ಸೇರಿಸಿದೆ. ಬಟ್ಟೆ, ತಿರುಗು ಅಂದರೆ ಯಾರಿಗೆ ತಿಳಿಯುತ್ತದೆ? ಕ್ಷೌರದ ದಾಸಪ್ಪನನ್ನು ಎದುರಿಗೆ ಕರೆದು ಕೇಳಿದೆ, “ದಾಸಪ್ಪ, ನಲವತ್ತು ವರ್ಷದಿಂದ ತಲೆ ನೋಡಿದೀಯ. ಸುಳಿ ಇಲ್ಲದ ತಲೆ ಎಲ್ಲಾದರೂ ಕಂಡಿದೀಯ?” ದಾಸಪ್ಪ ಬಹಳ ಹೊತ್ತು ಯೋಚಿಸಿ, “ಎಲ್ಡು ಸುಳಿ ಕಂಡಿವ್ನಿ, ಮೂರೂ ಕಂಡಿವ್ನಿ. ಸುಳಿ ಇಲ್ದಿದ್ ತಲೆ ಕಂಡಿಲ್ಲ ಸ್ವಾಮಿ” ಅಂದ. “ಯಾಕಿಲ್ಲ? ಕೂದಲೆಲ್ಲ ತಲೆ ಸುತ್ತ ಹೊರಳಿಕೊಂಡು ಹೋಗುತ್ತಲ್ಲ, ಎಲ್ಲಾದರೂ ಒಂದು ಕಡೆ ಅದು ಸುಳಿಯಾಗಲೇಬೇಕು. ಸುಳಿ ಇದೆ ಅಂತ ಹುಟ್ಟಿದ ಮಗು ಏನಾದರೂ ತಪ್ಪು ಮಾಡಿದೆಯಾ?” ಜನ ಒಬ್ಬರ ತಲೆ ಒಬ್ಬರು ಮುಟ್ಟಿ ನೋಡಿಕೊಂಡು ನಕ್ಕರು. ಆಮೇಲೆ ನಗು ನಿಂತಿತು. ಸುಣ್ಣದ ಕೇರಿಯಲ್ಲಿ ಗೂಡು ಹಾಕಿ ಸುಣ್ಣ ಸುಡುವ ಬಿಳಿಗಯ್ಯ ಹಿಂದಿನ ಸಾಲಿನಿಂದ ಎದ್ದು ನಿಂತ. ಅವನು ಹುಡುಗನಾಗಿದ್ದಾಗ ಅವನ ತಾಯಿ ಹೀಗೇ ಕೂತು ಹೋಗಿದ್ದಳು. “ಅಂಗಾರೆ ನಮ್ಮವ್ವ ಏನೂ ಮಾಡಿರ್ನಿಲ್ವಾ ಮೇಷ್ಟ್ರೇ? ನಲವತ್ ವರ್ಸ ಊರೆಲ್ಲ ಆಡ್ಕಂಡ್ರು. ಅವ್ಳು ಏನೂ ಮಾಡಿರ್ನಿಲ್ವಾ?” “ಏನೂ ಮಾಡಿರಲಿಲ್ಲ ಬಿಳಿಗಯ್ಯ” ಅಂದೆ. ಅವನು ಹೆಗಲ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಕೂತ. ಅವನ ಪಕ್ಕದವರೂ ಅತ್ತರು. ನನ್ನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ದಿನ ಬರಲಿಲ್ಲ.

ಒಂದು ತಿಂಗಳಿಗೆ ಪುರಸಭೆಯ ಅಧ್ಯಕ್ಷ ಮರುಳಪ್ಪ ಶಾಲೆಗೆ ಬಂದರು. ಬರುವಾಗ ನನಗೊಂದು ಶಾಲು ತಂದಿದ್ದರು. “ಮೇಷ್ಟ್ರೇ, ಎಲ್ಲಾದರೂ ಒಂದ್ಕಡೆ ನಿಲ್ಲಲೇಬೇಕು ಅಂತ ತೋರಿಸಿಕೊಟ್ಟವರು ನೀವು. ಸರಿ. ಆದ್ರೆ ಅದು ಊರೆಲ್ಲ ಯಾಕೆ ಅಲೀಬೇಕು? ಯಾರೂ ಇಲ್ಲದ ಕಡೆ ಅದನ್ನ ಕಟ್ಟಿಹಾಕೋಕೆ ಆಗಲ್ವಾ?” ಎಂದು ಕೇಳಿದರು. ನಾನು ಪಾಠದ ಧಾಟಿಯಲ್ಲಿ, “ಇರುತ್ತೆ ಅಂತ ಲೆಕ್ಕ ಹೇಳುತ್ತೆ, ಎಲ್ಲಿರುತ್ತೆ ಅಂತ ಹೇಳಲ್ಲ. ಎಲ್ಲಿ ಅನ್ನೋದು ಗುಡ್ಡ, ಗೋಡೆ, ಮರ ಇವುಗಳ ಕೈಯಲ್ಲಿದೆ” ಅಂದೆ. ಮರುಳಪ್ಪ ನಕ್ಕು, “ಗೋಡೆ ನಮ್ಮ ಕೈಯಲ್ಲಿದೆಯಲ್ಲ” ಅಂದರು. ಇಪ್ಪತ್ತು ವರ್ಷ ಮಕ್ಕಳಿಗೆ ಬಡ್ಡಿಲೆಕ್ಕ ಹೇಳಿಕೊಟ್ಟವನನ್ನು ಒಬ್ಬ ಅಧ್ಯಕ್ಷರು ಬಂದು ಕೇಳುತ್ತಿದ್ದಾರೆ. ನನಗೆ ಉಬ್ಬಿಹೋಯಿತು, ಸುಳ್ಳು ಯಾಕೆ ಹೇಳಲಿ. ಮೂರು ತಿಂಗಳು ಬಟ್ಟೆ ಹಿಡಿದು ಅಲೆದು, ಗುಡ್ಡದ ಬಳೆಯೊಳಗೇ ಮನೆಗಳಿಂದಾಚೆ ಪಾಪಾಸುಕಳ್ಳಿ ಬಿಟ್ಟರೆ ಏನೂ ಇಲ್ಲದ ಕಳ್ಳಿಬಯಲಿನಲ್ಲಿ ಗಾಳಿ ನಿಲ್ಲುವ ಹಾಗೆ ಎರಡಾಳೆತ್ತರದ ಒಂದು ಗೋಡೆಯ ನಕ್ಷೆ ಬರೆದುಕೊಟ್ಟೆ.

ಗುದ್ದಲಿ ಪೂಜೆಗೆ ನನ್ನ ಕೈಯಿಂದಲೇ ತೆಂಗಿನಕಾಯಿ ಒಡೆಸಿದರು. ಗೂಟ ಹೊಡೆದ ಜಾಗ ನನ್ನ ನಕ್ಷೆಗಿಂತ ಮುನ್ನೂರು ಮಾರು ಕೆಳಗಿದ್ದಂತೆ ಕಂಡಿತು. ಕೇಳಿದೆ. “ಮೇಲೆ ಬಂಡೆ ಸಾರ್, ಪಾಯ ತೆಗೆಯೋಕಾಗಲ್ಲ. ಅಷ್ಟರಲ್ಲಿ ಏನು ವ್ಯತ್ಯಾಸ ಆಗುತ್ತೆ?” ಎಂದು ಮೇಸ್ತ್ರಿ ನಕ್ಕ. ಹೆಗಲ ಮೇಲೆ ಶಾಲಿತ್ತು, ಸುತ್ತ ಜನರಿದ್ದರು, ನಾನೂ ನಕ್ಕೆ. ಕಳ್ಳಿಬಯಲಿನಲ್ಲಿ ಬಂಡೆ ಇರಲಿಲ್ಲ. ಮರುಳಪ್ಪನವರು ಅಲ್ಲಿ ಅಕ್ಕಿ ಗಿರಣಿ ಹಾಕಲು ಜಾಗ ನೋಡಿದ್ದರು ಎಂಬುದು ಊರಿಗೆಲ್ಲ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಗೋಡೆ ಎದ್ದ ಮೇಲೆ ಗಾಳಿ ನಾನು ಹೇಳಿದಂತೆಯೇ ಅಲೆಯುವುದನ್ನು ಬಿಟ್ಟು ಒಂದು ಕಡೆ ನಿಂತಿತು. ನಿಂತದ್ದು ಕಳ್ಳಿಬಯಲಿನಿಂದ ಮುನ್ನೂರು ಮಾರು ಕೆಳಗೆ, ಸುಣ್ಣದ ಕೇರಿಯ ಹತ್ತೊಂಬತ್ತು ಮನೆಗಳ ಮೇಲೆ.

ಉಳಿದ ಊರಿಗೆ ಹಬ್ಬವಾಯಿತು. ಜನ ಸೂರಿನ ಬಟ್ಟೆಗಳನ್ನು ಬಿಚ್ಚಿದರು, ಬಿದಿರನ್ನು ಇಳಿಸಿ ಸೀರೆ ಒಣಗಿಹಾಕಲು ಕಟ್ಟಿಕೊಂಡರು. ಬೆಳಿಗ್ಗೆ ಕತ್ತೆತ್ತಿ ನೋಡುವ ಅಭ್ಯಾಸ ಒಂದು ವರ್ಷದಲ್ಲಿ ಬಿಟ್ಟುಹೋಯಿತು. ಜೊತೆಗೆ ಇನ್ನೊಂದೂ ಬಿಟ್ಟುಹೋಯಿತು. ಇನ್ನು ತಮ್ಮ ಮನೆಗೆ ಗಾಳಿ ನಿಲ್ಲುವುದಿಲ್ಲ ಎಂದಾದ ಮೇಲೆ ಇನ್ನೊಬ್ಬರಿಗೆ ಬಾಗಿಲು ತೆಗೆಯುವುದು ಯಾರಿಗೂ ನೆನಪಾಗಲಿಲ್ಲ. ಕೇರಿಯ ಬಾಗಿಲನ್ನು ಮೂರನೆಯ ದಿನ ಯಾರೂ ತಟ್ಟಲಿಲ್ಲ, ಮೂವತ್ತನೆಯ ದಿನವೂ ತಟ್ಟಲಿಲ್ಲ. ಕೇರಿಯವರೇ ಒಂದು ಏರ್ಪಾಡು ಮಾಡಿಕೊಂಡರು. ಬಾಗಿಲ ಪಕ್ಕ ದಿನಕ್ಕೊಂದು ಕಲ್ಲು ಇಡುವುದು, ಐದು ಕಲ್ಲಾದ ಕೂಡಲೇ ಅರ್ಧ ಜನ ಚಾಪೆ ಎತ್ತಿಕೊಂಡು ಸಂತೆಯ ಮಳಿಗೆಗೆ ಹೋಗಿ ಮಲಗುವುದು, ಅವರು ಬಂದ ಮೇಲೆ ಉಳಿದರ್ಧ ಹೋಗುವುದು. ಗಾಳಿಯಿಲ್ಲದೆ ಗೂಡಿನಲ್ಲಿ ಬೆಂಕಿ ಹಿಡಿಯದು, ಹೆಂಗಸರು ಸರದಿಯ ಮೇಲೆ ತಿದಿ ಒತ್ತುತ್ತಿದ್ದರು. ಬೇರೆ ಕಡೆ ಹೋಗಬಾರದೇ ಎಂದು ಕೇಳಿದವರಿದ್ದರು. ಸುಣ್ಣದ ಕಲ್ಲು ಇರುವುದು ಅಲ್ಲಿ, ಗೂಡು ಇರುವುದು ಅಲ್ಲಿ, ಬೇರೆ ಕಡೆ ಜಾಗ ಕೊಡುವವರು ಯಾರೂ ಇರಲಿಲ್ಲ. ನಾನು ಪುರಸಭೆಗೆ ಅರ್ಜಿಯ ಮೇಲೆ ಅರ್ಜಿ ಹಾಕುತ್ತ ಹೋದೆ, ಉತ್ತರ ಬರಲಿಲ್ಲ.

ಬಿಳಿಗಯ್ಯನ ಹೆಂಡತಿ ಮಾಳಮ್ಮ ಗೂಡಿನ ಅಂಚಿನಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಐದು ದಿನಕ್ಕೊಮ್ಮೆ ಅವಳನ್ನು ಮಂಚದ ಸಮೇತ ಹೊತ್ತು ಮಳಿಗೆಗೆ ಸಾಗಿಸುತ್ತಿದ್ದರು. ಎರಡನೆಯ ವರ್ಷ, ತರಕಾರಿ ಇಡುವ ಜಾಗದಲ್ಲಿ ಜನ ಮಲಗಬಾರದೆಂದು ಹೇಳಿ ಪುರಸಭೆಯವರು ಮಳಿಗೆಗೆ ಬೀಗ ಹಾಕಿದರು. ನಡೆಯಬಲ್ಲವರು ಗುಡ್ಡದ ಬುಡದ ಬಂಡೆಗಳ ಸಂದಿಯಲ್ಲಿ ಮಲಗತೊಡಗಿದರು. ಸುಯ್ಯೆನ್ನುವ ಆ ಗಾಳಿಯಲ್ಲಿ ಸೊಂಟ ಮುರಿದವಳನ್ನು ಮಲಗಿಸುವಂತಿರಲಿಲ್ಲ. ಮಾಳಮ್ಮ ಮನೆಯಲ್ಲೇ ಉಳಿದಳು.

ಅವಳ ಮಗಳು ದೇವೀರಿ ನನ್ನ ಏಳನೆಯ ತರಗತಿಯಲ್ಲಿದ್ದಳು. ಲೆಕ್ಕದಲ್ಲಿ ಅವಳಷ್ಟು ಚುರುಕಿನ ಮಕ್ಕಳು ನನಗೆ ಮೂವರೋ ನಾಲ್ವರೋ ಸಿಕ್ಕಿರಬಹುದು. ಮಳಿಗೆಗೆ ಬೀಗ ಬಿದ್ದ ಆ ವಾರದ ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಾಗಿಲ ಹತ್ತಿರ ಬಂದು ನಿಂತಳು. “ಸಾ, ನಮ್ಮವ್ವ ನೆನ್ನೆಯಿಂದ ಮಾತು ಕಮ್ಮಿ ಮಾಡವ್ಳೆ. ನಿಮ್ಮನೆ ಪಡಸಾಲೇಲಿ ಎಲ್ಡ್ ದಿನ ಮಲಗಿಸ್ಕತೀರಾ ಸಾ? ಗಲೀಜು ಆಗಂಗಿಲ್ಲ, ನಾನೇ ಬಂದು ನೋಡ್ಕತೀನಿ” ಅಂದಳು.

ನಾನು ಏನು ಹೇಳಿದೆ ಎಂಬುದನ್ನು ಒಂದಕ್ಷರ ಬಿಡದೆ ಬರೆಯಬೇಕು. ಆ ಸೋಮವಾರ ಪುರಸಭೆಯಲ್ಲಿ ನನ್ನ ಅರ್ಜಿ ಕೊನೆಗೂ ವಿಚಾರಣೆಗೆ ಬರುವುದಿತ್ತು. “ಎಷ್ಟನೇ ಕಲ್ಲು ಇವತ್ತು?” ಎಂದು ಕೇಳಿದೆ. “ನಾಕು ಸಾ.” “ಸೋಮವಾರಕ್ಕೆ ಎಂಟಾಯಿತು. ಒಂಬತ್ತಕ್ಕೆ ಇನ್ನೂ ಒಂದು ದಿನ ಕೈಯಲ್ಲಿರುತ್ತೆ. ನೋಡಮ್ಮ, ಅವ್ವ ಇವತ್ತೇ ನಮ್ಮನೆಗೆ ಬಂದುಬಿಟ್ಟರೆ, ಕೇರಿಯಲ್ಲಿ ಕಷ್ಟಪಡೋರು ಯಾರಿದ್ದಾರೆ, ಎಲ್ಲರೂ ಹೊರಗೇ ಮಲಗ್ತಾರಲ್ಲ ಅಂತ ಸಭೆಯವರು ಕೇಳ್ತಾರೆ. ಮನೆಯೊಳಗೆ ಒಬ್ಬರು ಇದ್ದಾರೆ ಅಂದರೆ ನನ್ನ ಮಾತಿಗೆ ಬಲ ಬರುತ್ತೆ. ಸೋಮವಾರದವರೆಗೆ ಇರಲಿ. ಸಭೆ ಮುಗಿದ ತಕ್ಷಣ ನಾನೇ ಬಂದು ಕರಕೊಂಡು ಹೋಗ್ತೀನಿ.” ದೇವೀರಿ ಬೆರಳು ಮಡಚಿ ಎಣಿಸಿದಳು, ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ. ಲೆಕ್ಕ ಸರಿಯಿತ್ತು. “ಸರಿ ಸಾ” ಎಂದು ಹೋದಳು. ಲೆಕ್ಕ ಸರಿಯಿದ್ದುದರಿಂದ ಅವಳು ನಂಬಿದಳು.

ಸೋಮವಾರ ಹನ್ನೊಂದು ಗಂಟೆಗೆ ಸಭೆ. ನಾನು ರಾಗ ಎಳೆಯದೆ ಹೇಳಿದೆ. “ಗಾಳಿ ನಿಲ್ಲುವ ಜಾಗ ಎಲ್ಲಾದರೂ ಇರಬೇಕು ಅನ್ನೋದಕ್ಕೆ ಲೆಕ್ಕ ಕಾರಣ. ಅದು ಸುಣ್ಣದ ಕೇರಿಯಲ್ಲೇ ಇರೋದಕ್ಕೆ ಗೋಡೆ ಕಾರಣ. ಎರಡು ಬೇರೆ ಪ್ರಶ್ನೆ, ಎರಡಕ್ಕೂ ಬೇರೆ ಉತ್ತರ. ಮೊದಲನೆಯದಕ್ಕೆ ನಾವು ಏನೂ ಮಾಡೋಕಾಗಲ್ಲ. ಎರಡನೆಯದನ್ನ ಮಾಡಿದವರೇ ನಾವು. ಗೋಡೆ ಮುನ್ನೂರು ಮಾರು ಮೇಲೆ ಹೋಗಲಿ.” ಮರುಳಪ್ಪ ಸಮಾಧಾನವಾಗಿ ಕೇಳಿಸಿಕೊಂಡರು. “ಮೇಲೆ ಈಗ ಗಿರಣಿ ಇದೆ ಮೇಷ್ಟ್ರೇ. ನಲವತ್ತು ಜನ ಕೆಲಸ ಮಾಡ್ತಾರೆ. ಕೆಳಗೆ ಹತ್ತೊಂಬತ್ತು ಮನೆ. ನಲವತ್ತು ದೊಡ್ಡದೋ ಹತ್ತೊಂಬತ್ತು ದೊಡ್ಡದೋ, ಲೆಕ್ಕದ ಮೇಷ್ಟ್ರಿಗೆ ನಾನು ಹೇಳಿಕೊಡ್ಬೇಕಾ?” ಸಭೆ ನಕ್ಕಿತು. ಮನೆಗೂ ಜನಕ್ಕೂ ವ್ಯತ್ಯಾಸವಿದೆ ಎಂದು ನಾನು ಕೂಗಿದ್ದು ಆ ನಗುವಿನಲ್ಲಿ ಮುಳುಗಿಹೋಯಿತು. “ಹಾಗಾದರೆ ಗೋಡೆಯನ್ನೇ ಕೆಡವಿ” ಅಂದೆ.

ಆಗ ನಗು ನಿಂತಿತು. ಒಬ್ಬ ಸದಸ್ಯರು ಮೆಲ್ಲಗೆ ಕೇಳಿದರು, “ಕೆಡವಿದರೆ ಗಾಳಿ ಎಲ್ಲಿ ನಿಲ್ಲುತ್ತೆ?” “ಗೊತ್ತಿಲ್ಲ” ಅಂದೆ. “ನಮ್ಮನೆ ಮೇಲೆ ನಿಲ್ಲಬಹುದಾ?” “ನಿಲ್ಲಬಹುದು. ನನ್ನ ಮನೆ ಮೇಲೂ ನಿಲ್ಲಬಹುದು. ಮೊದಲು ಹಾಗೇ ಇತ್ತಲ್ಲ.” ಶಾಲೆಯ ಅಂಗಳದಲ್ಲಿ ಒಬ್ಬರ ತಲೆ ಒಬ್ಬರು ಮುಟ್ಟಿ ನೋಡಿಕೊಂಡಿದ್ದವರೇ ಅಲ್ಲಿ ಕೂತಿದ್ದರು, ಕ್ಷೌರದ ದಾಸಪ್ಪನೂ ಬಾಗಿಲಲ್ಲಿ ನಿಂತಿದ್ದ. ಎಲ್ಲರೂ ನೆಲ ನೋಡುತ್ತಿದ್ದರು. ಗುಮಾಸ್ತೆ ಬರೆದದ್ದನ್ನು ಗಟ್ಟಿಯಾಗಿ ಓದಿದ: “ಗಾಳಿಯು ಎಲ್ಲಾದರೂ ಒಂದು ಕಡೆ ನಿಲ್ಲಲೇಬೇಕೆಂಬುದನ್ನು ಅರ್ಜಿದಾರರೇ ಗಣಿತದಿಂದ ಸಾಧಿಸಿರುವುದರಿಂದ, ಸದರಿ ಕೇರಿಯಲ್ಲಿ ನಿಂತಿರುವುದಕ್ಕೆ ಯಾರೂ ಹೊಣೆಗಾರರಲ್ಲವೆಂದು ತೀರ್ಮಾನಿಸಿ ಅರ್ಜಿಯನ್ನು ವಜಾ ಮಾಡಲಾಗಿದೆ.” ಅಕ್ಕನಿಗಾಗಿ ಎರಡು ವರ್ಷ ಬಿಸಿಲಲ್ಲಿ ಅಲೆದು ಸಂಪಾದಿಸಿದ ಮಾತು ಅದು. ಯಾರ ತಪ್ಪೂ ಅಲ್ಲ ಎಂಬ ಆ ಮಾತನ್ನು ಈಗ ನಿಜವಾಗಿ ತಪ್ಪು ಮಾಡಿದವರು ಹೊದ್ದುಕೊಂಡು ಕೂತಿದ್ದರು.

ನಾನು ಅಲ್ಲಿಂದ ಓಡಿದೆ. ಐವತ್ತು ದಾಟಿದ ಮೇಷ್ಟ್ರು ಪಂಚೆ ಎತ್ತಿ ಕಟ್ಟಿಕೊಂಡು ಓಡುವುದನ್ನು ಅಂಗಡಿಬೀದಿ ನಿಂತು ನೋಡಿತು. ಕೇರಿಯೊಳಗೆ ಕಾಲಿಟ್ಟ ಕೂಡಲೇ ಪಂಚೆಯ ಅಂಚು ಅಲ್ಲಾಡುವುದು ನಿಂತಿತು. ಬಿಳಿಗಯ್ಯನ ಮನೆಯ ಬಾಗಿಲ ಪಕ್ಕ ಎಂಟು ಕಲ್ಲುಗಳಿದ್ದವು. ಒಳಗೆ ಮಾಳಮ್ಮನನ್ನು ಗೋಡೆಗೆ ಒರಗಿಸಿದ್ದರು. ದೇವೀರಿ ಗಂಜಿಯ ಬಟ್ಟಲು ಹಿಡಿದು ಎದುರಿಗಿದ್ದಳು. ಗಂಜಿ ಮಾಳಮ್ಮನ ತುಟಿಯ ಕೊನೆಯಿಂದ ಇಳಿದು ಸೆರಗಿನ ಮೇಲೆ ಬಿದ್ದಿತ್ತು. ಅವಳ ಕಣ್ಣು ತೆರೆದಿತ್ತು.

“ಒಂಬತ್ತು ಅಂದಿದ್ರಲ್ಲ ಮೇಷ್ಟ್ರೇ” ಅಂದ ಬಿಳಿಗಯ್ಯ. ದನಿ ಏರಿಸಲಿಲ್ಲ. “ಇನ್ನೂ ಎಂಟೇಯ.” ಮೂಲೆಯಲ್ಲಿದ್ದ ಕೇರಿಯ ಮುದುಕಿಯೊಬ್ಬಳು ನನ್ನ ಕಡೆ ನೋಡದೆ ಅಂದಳು, “ಒಂಬತ್ತು ಅನ್ನಾದು ಬಾಯ್ಮಾತು ಕಣಪ್ಪ. ಗಟ್ಟಿ ಇದ್ದೋರು ಅನ್ನೊಂದು ದಿನ ತಡ್ಕಂಡವ್ರೆ, ಬಿದ್ದೋರು ಏಳ್ನೇ ದಿನಕ್ಕೇ ಕುಂತವ್ರೆ. ಅದ್ಕೆಲ್ಲ ಲೆಕ್ಕ ಎಲ್ಲೈತೆ?” ಅಷ್ಟು ಸರಳವಾದ ಮಾತು. ಒಂದು ಸೊನ್ನೆಯಾಗಲಾರದು ಎಂಬುದು ಒಂದು ಥರದ ಮಾತು, ಒಂಬತ್ತು ದಿನ ಎಂಬುದು ಇನ್ನೊಂದು ಥರದ್ದು. ಮೊದಲನೆಯದು ಎಂದೆಂದಿಗೂ ಸುಳ್ಳಾಗದು, ಎರಡನೆಯದು ಯಾರೋ ಕಂಡದ್ದನ್ನು ಯಾರೋ ಹೇಳಿದ್ದು. ಎರಡೂ ಅಂಕಿ ತಾನೇ ಎಂದು ನಾನು ಎರಡಕ್ಕೂ ಒಂದೇ ಥರ ಕೈಮುಗಿದಿದ್ದೆ. ಅಕ್ಷರ ಬಾರದ ಆ ಮುದುಕಿಗೆ ಗೊತ್ತಿದ್ದದ್ದು ಇಪ್ಪತ್ತೆರಡು ವರ್ಷ ಪಾಠ ಹೇಳಿದ ನನಗೆ ಗೊತ್ತಿರಲಿಲ್ಲ.

ಬಿಳಿಗಯ್ಯ ಹೆಂಡತಿಯ ಗದ್ದ ಒರೆಸಿದ. “ಅವತ್ತು ನಮ್ಮವ್ವನ ಇಚಾರ ಕೇಳ್ದಾಗ ಏನೂ ತಪ್ಪಿಲ್ಲ ಅಂದ್ರಿ. ನಂಗೆ ವೋದ್ ಜೀವ ಬಂದಂಗಾಯ್ತು. ಈಗ ನೀವೇ ಅನ್ನಿ ಮೇಷ್ಟ್ರೇ, ಯಾಕೆ ನನ್ ಎಂಡ್ತೀನೇ?” ನಾನು ಬಾಯಿ ತೆರೆದೆ. ಗೋಡೆ ಅನ್ನಬೇಕಾಗಿತ್ತು, ಗಿರಣಿ ಅನ್ನಬೇಕಾಗಿತ್ತು, ನಾನು ಅನ್ನಬೇಕಾಗಿತ್ತು. ಹೊರಗೆ ಬಂದದ್ದು, “ಎಲ್ಲಾದರೂ ಒಂದು ಕಡೆ” ಎಂಬಷ್ಟೇ. ಬಿಳಿಗಯ್ಯ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. “ಸರಿ ಬುಡಿ” ಅಂದ.

ಮಾಳಮ್ಮನನ್ನು ಮಂಚದ ಸಮೇತ ನಮ್ಮ ಮನೆಗೆ ತಂದೆವು. ನಮ್ಮ ಪಡಸಾಲೆಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಅವಳ ತಲೆಗೂದಲು ಇಡೀ ದಿನ ಹಾರುತ್ತಿತ್ತು, ಅವಳು ಮಾತ್ರ ಅಲುಗಲಿಲ್ಲ. ದೇವೀರಿ ಶಾಲೆಗೆ ಮುಂಚೆ ಒಮ್ಮೆ, ಶಾಲೆ ಬಿಟ್ಟ ಮೇಲೆ ಒಮ್ಮೆ ಬಂದು ತಲೆ ಬಾಚಿ, ಹತ್ತಿಯಲ್ಲಿ ನೀರು ಅದ್ದಿ ಬಾಯಿಗೆ ಹಿಂಡುತ್ತಿದ್ದಳು. ನನ್ನ ಹತ್ತಿರ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು. ಕಾರ್ತಿಕದ ಕೊನೆಯಲ್ಲಿ ಮಾಳಮ್ಮ ಹೋದಳು. ಮಣ್ಣಿಗೆ ಬಂದದ್ದು ಕೇರಿಯವರು ಮತ್ತು ನಾನು. ದಾರಿಯಲ್ಲಿ ಸಿಕ್ಕ ಊರಿನ ಹೆಂಗಸೊಬ್ಬಳು ಅನುಕಂಪದಿಂದಲೇ ಅಂದಳು, “ಪಾಪ, ಏನ್ ಮಾಡೋಕಾಗುತ್ತೆ. ಎಲ್ಲಾದರೂ ಒಂದ್ಕಡೆ ನಿಲ್ಲಲೇಬೇಕಲ್ಲ. ಮೇಷ್ಟ್ರೇ ಹೇಳಿದಾರೆ.”

ಮಾರ್ಚಿನಲ್ಲಿ ವಾರ್ಷಿಕ ಪರೀಕ್ಷೆ ಬಂತು. ನನ್ನ ಗಾಳಿಯ ಲೆಕ್ಕವನ್ನು ಆ ವರ್ಷದಿಂದ ಏಳನೆಯ ತರಗತಿಗೆ ಪಾಠವಾಗಿ ಇಟ್ಟಿದ್ದರು. ಪ್ರಶ್ನೆಪತ್ರಿಕೆಯೂ ಉತ್ತರದ ಮಾದರಿಯೂ ಪುರಸಭೆಯ ಕಚೇರಿಯಿಂದಲೇ ಅಚ್ಚಾಗಿ ಬಂದಿದ್ದವು. ಹನ್ನೆರಡನೆಯ ಪ್ರಶ್ನೆ: ನಮ್ಮ ಊರಿನಲ್ಲಿ ಗಾಳಿಯು ಸುಣ್ಣದ ಕೇರಿಯಲ್ಲಿ ನಿಲ್ಲಲು ಕಾರಣವೇನು? ವಿವರಿಸಿ. ನಾಲ್ಕು ಅಂಕ. ಸಂಬಂಧವಿಲ್ಲದ ಕಾರಣ ಬರೆದರೆ ಸೊನ್ನೆ ಎಂದು ಮಾದರಿಯ ಕೆಳಗೆ ಸೂಚನೆಯಿತ್ತು. ಪ್ರಶ್ನೆಯೇ ತಪ್ಪು ಎಂದು ನಾನು ಬರೆದು ಕಳಿಸಿದೆ. ಅಚ್ಚಾಗಿಹೋಗಿದೆ ಎಂದು ಉತ್ತರ ಬಂತು.

ಮಧ್ಯಾಹ್ನ ಮಕ್ಕಳಿಲ್ಲದ ತರಗತಿಯಲ್ಲಿ ಕೂತು ಕೆಂಪು ಶಾಯಿಯ ಪೆನ್ನು ಹಿಡಿದು ಒಂದೊಂದೇ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಊರಿನ ಮಕ್ಕಳೆಲ್ಲ ಬಾಯಿಪಾಠ ಮಾಡಿದ್ದನ್ನು ಅಲ್ಲಲ್ಲಿ ತಪ್ಪಿ ಬರೆದಿದ್ದರು. ಎರಡು, ಎರಡೂವರೆ, ಮೂರು ಕೊಡುತ್ತ ಬಂದೆ. ಆಮೇಲೆ ದೇವೀರಿಯದು ಬಂತು. ಹನ್ನೆರಡನೆಯ ಪ್ರಶ್ನೆಗೆ ಅವಳು ಮೊದಲು ಒಂದೇ ಸಾಲು ಬರೆದಿದ್ದಳು: “ಗೋಡೆಯನ್ನು ಅಲ್ಲಿ ಕಟ್ಟಿದ್ದರಿಂದ.” ಆಮೇಲೆ ಸ್ಕೇಲು ಇಟ್ಟು, ಗೀಚದೆ, ಒಂದೇ ನೇರ ಗೆರೆಯಲ್ಲಿ ಅದನ್ನು ಹೊಡೆದುಹಾಕಿದ್ದಳು. ತಪ್ಪನ್ನು ಹಾಗೆ ಹೊಡೆಯಬೇಕೆಂದು ಹೇಳಿಕೊಟ್ಟವನು ನಾನೇ. ಅದರ ಕೆಳಗೆ ಗುಂಡಗಿನ ಅಕ್ಷರದಲ್ಲಿ, ಊರ ಸುತ್ತಿನ ಒಂದು ತಿರುಗಿನಿಂದ ಹಿಡಿದು ಒಂದು ಸೊನ್ನೆಯಾಗಲಾರದು ಎಂಬವರೆಗೆ, ಎಲ್ಲ ಹೆಜ್ಜೆಗಳೂ ಇದ್ದವು. ಕೊನೆಯಲ್ಲಿ, “ಆದ್ದರಿಂದ ಎಲ್ಲಾದರೂ ಒಂದು ಕಡೆ ನಿಲ್ಲಲೇಬೇಕು. ಇದಕ್ಕೆ ಯಾರೂ ಕಾರಣರಲ್ಲ” ಎಂದು ಬರೆದು ಅಡಿಗೆರೆ ಎಳೆದಿದ್ದಳು.

ನಾನು ಅದನ್ನು ನಾಲ್ಕು ಸಲ ಓದಿದೆ. ಅರ್ಧ ಅಂಕವನ್ನಾದರೂ ಕಳೆಯಲು ಒಂದು ತಪ್ಪು ಸಿಗಲಿ ಎಂದು ಹುಡುಕಿದೆ. ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ನಾಲ್ಕಕ್ಕೆ ನಾಲ್ಕು ಹಾಕಿ, ಮುಂದಿನ ಪತ್ರಿಕೆ ತೆಗೆದುಕೊಂಡೆ.